ಹೈಸ್ಕೂಲಿನಲ್ಲಿ ಬದುಕಿನ ಕೆಲಸಗಳನ್ನೂ ಕಲಿಸಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮನೆ ನಡೆಸುವುದು, ಕೊಳ್ಳುವುದು, ಸಾಲ-ಉಳಿತಾಯ ಮತ್ತು ಮುಂದಿನ ದಾರಿ ಆರಿಸಿಕೊಳ್ಳುವುದನ್ನು ಪ್ರೌಢಶಾಲೆಯಲ್ಲಿ ಮಾಡಿಸಿ ಕಲಿಸುವ ಬಗ್ಗೆ.

ಮಾನ್ಯರೇ,

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸೇವೆಯ ಬಹುಪಾಲು ಹಾಸನ, ತುಮಕೂರು ಕಡೆಯ ಹಳ್ಳಿ ಶಾಖೆಗಳಲ್ಲೇ ಕಳೆಯಿತು. ಈಗ ನಮ್ಮ ಸುತ್ತಮುತ್ತಲಿನ ಸರ್ಕಾರಿ ಹೈಸ್ಕೂಲುಗಳಿಗೆ ಹೋಗುತ್ತೇನೆ. ಹೆಡ್ಮಾಸ್ಟರು ಒಂದು ಪಿರಿಯಡ್ ಬಿಟ್ಟುಕೊಟ್ಟಾಗ ಮಕ್ಕಳ ಜೊತೆ ದುಡ್ಡು, ಸಾಲ, ಉಳಿತಾಯದ ಬಗ್ಗೆ ಮಾತಾಡುತ್ತೇನೆ. ಬ್ಯಾಂಕಿನ ಕೌಂಟರಿನಲ್ಲಿ ಕಂಡದ್ದು, ತರಗತಿಯಲ್ಲಿ ಕಂಡದ್ದು ಎರಡನ್ನೂ ನಿಮ್ಮ ಮುಂದೆ ಇಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟು, ಒಂಬತ್ತು, ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ, ಹುಡುಗ ಹುಡುಗಿ ಅನ್ನದೆ, ವಾರಕ್ಕೆ ಎರಡು ಪಿರಿಯಡ್ ಬದುಕಿನ ಕೆಲಸಗಳನ್ನು ಕಲಿಯಲು ಬೇಕು. ಓದಿ ಕಲಿಯುವುದಲ್ಲ, ಮಾಡಿ ಕಲಿಯುವುದು. ಇದಕ್ಕೆ ಹೊಸ ಪುಸ್ತಕ ಬೇಡ. ಹೊಸ ಪರೀಕ್ಷೆಯಂತೂ ಬೇಡವೇ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ನೋಡಿದ ಮಕ್ಕಳು ಓದು ಬಾರದವರಲ್ಲ. ತರಗತಿಯಲ್ಲಿ ಒಂದು ಲೆಕ್ಕ ಕೇಳುತ್ತೇನೆ. ಅಸಲು 10,000 ರೂಪಾಯಿ, ವರ್ಷಕ್ಕೆ ಶೇಕಡಾ 12, ಎರಡು ವರ್ಷಕ್ಕೆ ಸರಳ ಬಡ್ಡಿ ಎಷ್ಟು? ಕೈಗಳು ಪಟಪಟ ಮೇಲೆ ಹೋಗುತ್ತವೆ. 2,400 ಅಂತ ಸರಿಯಾಗೇ ಹೇಳುತ್ತಾರೆ. ಆಮೇಲೆ ಕೇಳುತ್ತೇನೆ: ನಿಮ್ಮ ಮನೆಗೆ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತಂದರೆ, ಅದು ವರ್ಷಕ್ಕೆ ಶೇಕಡಾ ಎಷ್ಟು? ಇಡೀ ತರಗತಿ ಸುಮ್ಮನಾಗುತ್ತದೆ. ನೂರಕ್ಕೆ ಮೂರು ಅನ್ನುವುದು ತಿಂಗಳ ಲೆಕ್ಕ, ವರ್ಷಕ್ಕೆ 36 ಆಗುತ್ತದೆ ಅಂತ ಹೇಳಿದಾಗ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಸೂತ್ರ ಗೊತ್ತಿದೆ. ಅದು ತಮ್ಮ ಮನೆಯ ಸಾಲಕ್ಕೂ ಅನ್ವಯಿಸುತ್ತದೆ ಅಂತ ಮಾತ್ರ ಅವರಿಗೆ ಯಾರೂ ತೋರಿಸಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಒಂದು ಲಕ್ಷ ಸಾಲ, ಎರಡು ವರ್ಷ, ಫ್ಲಾಟ್ ಬಡ್ಡಿ ಶೇಕಡಾ 12. ಒಟ್ಟು ಬಡ್ಡಿ 24,000, ತಿಂಗಳ ಕಂತು ಸುಮಾರು 5,167 ರೂಪಾಯಿ. ಕೇಳಲು ಕಮ್ಮಿ ಅನ್ನಿಸುತ್ತದೆ. ಆದರೆ ಪ್ರತಿ ತಿಂಗಳು ಅಸಲು ತೀರುತ್ತಾ ಬಂದರೂ ಬಡ್ಡಿಯನ್ನು ಪೂರ್ತಿ ಲಕ್ಷದ ಮೇಲೇ ಹಾಕಿರುತ್ತಾರೆ. ಬಾಕಿ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ಶೇಕಡಾ 21 ದಾಟುತ್ತದೆ. ಬೈಕ್ ಕೊಳ್ಳುವ ಹುಡುಗ, ಟೈಲರಿಂಗ್ ಮೆಷಿನ್ ಕೊಳ್ಳುವ ಹೆಣ್ಣುಮಗಳು ಇಂಥ ಕಾಗದಕ್ಕೆ ಸಹಿ ಹಾಕುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಒಳ್ಳೆಯ ಅಂಕ ಬಂದವರೂ ಅವರಲ್ಲಿದ್ದರು.

ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ನಿಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಊರು ಬಿಟ್ಟು ಹೋದ ಕುಟುಂಬಗಳ ಸುದ್ದಿ ಓದಿ ನೊಂದವರಿಗೆಲ್ಲ ಅದು ಸಮಾಧಾನ ಕೊಟ್ಟಿತು. ಆದರೆ ಕಾನೂನು ನೆರವಿಗೆ ಬರುವುದು ಸಹಿ ಬಿದ್ದ ಮೇಲೆ, ಕಂತು ತಪ್ಪಿದ ಮೇಲೆ. ಒಂದು ಸಂಘದ ಸಾಲ ತೀರಿಸಲು ಇನ್ನೊಂದು ಸಂಘದಲ್ಲಿ ಸಾಲ ತೆಗೆಯುವ ಅಮ್ಮನ ಪಕ್ಕದಲ್ಲೇ ಹತ್ತನೇ ಕ್ಲಾಸಿನ ಮಗಳು ಕೂತಿರುತ್ತಾಳೆ. ಫಾರಂ ತುಂಬುವವಳೂ ಅವಳೇ. ಬಡ್ಡಿ ದರ ಎಲ್ಲಿ ಬರೆದಿದೆ, ವಿಮೆಗೆ, ಪ್ರೊಸೆಸಿಂಗ್ ಶುಲ್ಕಕ್ಕೆ ಎಷ್ಟು ಹಿಡಿದಿದ್ದಾರೆ ಅಂತ ಹುಡುಕುವುದು ಆ ಹುಡುಗಿಗೆ ಗೊತ್ತಿದ್ದರೆ ಆ ಮನೆಗೆ ಎಷ್ಟು ಬಲ ಬರುತ್ತಿತ್ತು, ಯೋಚಿಸಿ ನೋಡಿ.

ಇತ್ತೀಚೆಗೆ ಇನ್ನೊಂದು ಕಾಟ ಶುರುವಾಗಿದೆ. ನಿನ್ನ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ ಅಂತ ಯುವಕರನ್ನು ಹಿಡಿಯುತ್ತಾರೆ. ಮೋಸದ ದುಡ್ಡು ಆ ಖಾತೆಯ ಮೂಲಕ ಹರಿಯುತ್ತದೆ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಹದಿನೆಂಟು ತುಂಬಿದ ಕೂಡಲೇ ಮಕ್ಕಳು ಇದಕ್ಕೆ ಸಿಕ್ಕಿಬೀಳುತ್ತಿದ್ದಾರೆ. ಹದಿನೈದಕ್ಕೇ ಇದನ್ನು ಹೇಳಿಕೊಡಬೇಕು ಅಲ್ವಾ?

ಹೆಣ್ಣುಮಕ್ಕಳ ಒಂದು ವಿಷಯವನ್ನೂ ಬಿಡುವಂತಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲೇ ಜಾರಿಗೆ ಬಂತು. ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಅಂಥ ರಾಜ್ಯದ ಹುಡುಗಿಯರು ಮದುವೆಯಾದ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಓದದೇ ಸಹಿ ಹಾಕುತ್ತಾರೆ. ಅಣ್ಣನಿಗೆ ಪ್ರೀತಿಯಿಂದ ಬಿಟ್ಟುಕೊಡುವುದು ಅವರ ಇಷ್ಟ. ಆದರೆ ಏನು ಬಿಟ್ಟುಕೊಡುತ್ತಿದ್ದೇನೆ ಅಂತ ತಿಳಿದು ಬಿಟ್ಟುಕೊಡಬೇಕು. ಪಹಣಿ ಓದುವುದು ಹೇಗೆ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಅಂದರೇನು ಅಂತ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಪಾಠಗಳು ನಮ್ಮ ಪಠ್ಯದಲ್ಲಿ ಇಲ್ಲ ಅಂತ ನಾನು ದೂರುತ್ತಿಲ್ಲ. ಎಷ್ಟೋ ಇವೆ. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ವ್ಯವಹಾರ ಅಧ್ಯಯನ ಅಂತ ಒಂದು ಭಾಗವಿದೆ. ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ಶಿಕ್ಷಣ ಎಲ್ಲ ಅದರಲ್ಲಿವೆ. ಬರೆದವರು ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದಾರೆ. ಆದರೆ ಗ್ರಾಹಕ ಶಿಕ್ಷಣದ ಪಾಠ ಪುಸ್ತಕದ ಕೊನೆಯ ಕಡೆ ಇದೆ. ಅಲ್ಲಿಗೆ ಬರುವ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ ಬಾಗಿಲಲ್ಲಿರುತ್ತದೆ. ಮೇಷ್ಟ್ರು ಪ್ರಶ್ನೋತ್ತರ ಬರೆಸುತ್ತಾರೆ. ವಿಶ್ವ ಗ್ರಾಹಕರ ದಿನ ಯಾವಾಗ? ಮಾರ್ಚ್ 15. ಮಕ್ಕಳು ಅದನ್ನು ನಿದ್ದೆಯಲ್ಲೂ ಹೇಳುತ್ತಾರೆ. ಅದೇ ಮಕ್ಕಳು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ 20 ರೂಪಾಯಿ ಎಂಆರ್‌ಪಿ ಇರುವ ತಂಪು ಪಾನೀಯಕ್ಕೆ ಕೂಲಿಂಗ್ ಚಾರ್ಜ್ ಅಂತ 25 ಕೊಟ್ಟು ಬರುತ್ತಾರೆ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ, 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು ಅನ್ನುವುದು ಅವರಿಗೆ ಒಂದು ಅಂಕದ ಉತ್ತರವಾಗಿಯಷ್ಟೇ ಗೊತ್ತು.

ಇದಕ್ಕೆ ಮೇಷ್ಟ್ರನ್ನು ಬೈಯುವುದು ಅನ್ಯಾಯ. ಒಬ್ಬ ಸಮಾಜ ವಿಜ್ಞಾನದ ಶಿಕ್ಷಕರು ನನ್ನ ಹತ್ತಿರ ಹೇಳಿದ ಮಾತಿದು: "ಮೇಡಂ, ಯಾವ ಪಾಠದಿಂದ ಎಷ್ಟು ಮಾರ್ಕ್ಸ್ ಬರುತ್ತೆ ಅನ್ನೋದನ್ನಷ್ಟೇ ನಮ್ಮನ್ನ ಕೇಳ್ತಾರೆ. ಮಗು ಅದನ್ನ ಮಾಡೋಕೆ ಕಲೀತಾ ಅಂತ ಇದುವರೆಗೂ ಯಾರೂ ಕೇಳಿಲ್ಲ." ಫಲಿತಾಂಶ ಕಮ್ಮಿಯಾದರೆ ನೋಟಿಸು ಬರುತ್ತದೆ. ಡಿಸೆಂಬರ್ ಕಳೆದರೆ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಪಾಸಾಗಲು ಸಾಕಾಗುವಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್ ಒಂದೇ ಮಾತು. ಇಷ್ಟೆಲ್ಲ ಮಾಡಿಯೂ 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಮೂವರಲ್ಲಿ ಒಬ್ಬರು ಪಾಸಾಗಲಿಲ್ಲ. ಅವರಲ್ಲಿ ಎಷ್ಟೋ ಮಕ್ಕಳಿಗೆ ಹತ್ತನೇ ತರಗತಿಯೇ ಕೊನೆಯ ತರಗತಿ. ಆ ಮಗು ಶಾಲೆಯಿಂದ ಹೊರಗೆ ಹೋಗುವಾಗ ಕೈಯಲ್ಲಿ ಏನಿರುತ್ತದೆ, ಮಾನ್ಯರೇ? ನಪಾಸಾದ ಅಂಕಪಟ್ಟಿ ಬಿಟ್ಟು ಬೇರೇನೂ ಇರುವುದಿಲ್ಲ.

ಕಾರ್ಯಾನುಭವ ಅಂತ ಒಂದು ವಿಷಯ ಇದೆ. ನಾನು ಹೋಗುವ ಒಂದು ಶಾಲೆಯಲ್ಲಿ ಅದಕ್ಕೆ ಎಲ್ಲ ಮಕ್ಕಳಿಗೂ ಒಳ್ಳೆಯ ಗ್ರೇಡ್ ಬರೆದಿದ್ದರು. ಯಾವ ಕೆಲಸ ಮಾಡಿದ್ರಿ ಅಂತ ಕೇಳಿದರೆ ಮಕ್ಕಳಿಗೆ ಹೇಳಲು ಏನೂ ಇರಲಿಲ್ಲ. ಹಿಂದೆ ಇದ್ದ ಹೊಲಿಗೆ ಟೀಚರ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಮೆಷಿನ್‌ಗಳು ಸ್ಟೋರ್ ರೂಮಿನಲ್ಲಿ ಬಿದ್ದಿವೆ.

ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಶಿಕ್ಷಣ ಅಂದರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಬೇಕು ಅಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ ಅಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿತು. ರಾಜ್ಯದ್ದೇ ನೀತಿ ಬೇಕು ಅಂತ ನೀವು ಸುಖದೇವ್ ಥೋರಟ್ ಅವರ ಆಯೋಗ ರಚಿಸಿದಿರಿ, ಅದರ ವರದಿ 2025ರ ಆಗಸ್ಟಿನಲ್ಲಿ ಬಂತು. ಯಾವ ನೀತಿ ಜಾರಿಯಾದರೂ ನನಗೆ ತಕರಾರಿಲ್ಲ. ಇಷ್ಟು ವರ್ಷ ಸೋತದ್ದು ಆಲೋಚನೆ ಅಲ್ಲ. ವೇಳಾಪಟ್ಟಿಯಲ್ಲಿ ಜಾಗ ಕೊಡಲಿಲ್ಲ, ಕಲಿಸುವವರನ್ನು ನೇಮಿಸಲಿಲ್ಲ, ಸಾಮಾನಿಗೆ ದುಡ್ಡು ಕೊಡಲಿಲ್ಲ.

ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಎನ್‌ಎಸ್‌ಕ್ಯೂಎಫ್ ಅನ್ನುವ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಅಡಿಯಲ್ಲಿ ಐಟಿ, ಆಟೋಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್, ಹೆಲ್ತ್‌ಕೇರ್ ಮುಂತಾದ ವೃತ್ತಿ ವಿಷಯಗಳಿವೆ. ಒಳ್ಳೆಯ ಕೆಲಸ. ಆದರೆ ಅದನ್ನು ತೃತೀಯ ಭಾಷೆಯ ಬದಲಿಗೆ ಇಟ್ಟಿದ್ದೀರಿ. ಇದನ್ನು ತಗೊಂಡರೆ ಅದು ಬಿಡಬೇಕು. ನಾನು ನೋಡಿದ ಶಾಲೆಯಲ್ಲಿ ತರಬೇತುದಾರರು ಏಜೆನ್ಸಿ ಮೂಲಕ ಬಂದವರು. ತಿಂಗಳುಗಟ್ಟಲೆ ಸಂಬಳವಾಗಿಲ್ಲ ಅಂತ ಅವರಲ್ಲಿ ಒಬ್ಬ ಹುಡುಗಿ ಹೇಳಿಕೊಂಡಳು. ದುಡಿಮೆಯ ಘನತೆ ಕಲಿಸಬೇಕಾದವರಿಗೇ ದುಡಿದ ದುಡ್ಡು ಸಿಗದಿದ್ದರೆ ಮಕ್ಕಳು ಅದರಿಂದ ಏನು ಕಲಿಯುತ್ತಾರೆ?

ಇದಕ್ಕೆ ಒಂದು ವಿರೋಧ ಬರುತ್ತದೆ. ಅದನ್ನು ನಾನು ಗೌರವಿಸುತ್ತೇನೆ. ಬಡವರ ಮಕ್ಕಳಿಗೆ ಕೈಕೆಲಸ, ಉಳ್ಳವರ ಮಕ್ಕಳಿಗೆ ವಿಜ್ಞಾನ ಅಂತ ಆಗಿಬಿಡುತ್ತದೆ ಅನ್ನುವ ಭಯ. ಆ ಭಯಕ್ಕೆ ಕಾರಣವಿದೆ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಅಂತ ಯೋಜನೆ ತಂದಾಗ ಅದು ಕುಲಕಸುಬಿನ ಶಿಕ್ಷಣ ಅಂತ ಜನ ಸಿಡಿದೆದ್ದರು. ಮರುವರ್ಷ ಅದನ್ನು ಕೈಬಿಡಬೇಕಾಯಿತು. ನಮ್ಮ ರಾಜ್ಯದಲ್ಲೇ 2023ರ ಕೊನೆಯಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿ ನಾವೆಲ್ಲ ತಲೆ ತಗ್ಗಿಸಿದೆವು. ಹಾಗಾಗಿ ನನ್ನ ಮಾತು ಸ್ಪಷ್ಟವಾಗಿರಲಿ. ಮಕ್ಕಳಿಂದ ಶಾಲೆಯ ಬಿಟ್ಟಿ ಚಾಕರಿ ಮಾಡಿಸುವುದು ಕಲಿಕೆ ಅಲ್ಲ. ಅಪ್ಪನ ಕಸುಬನ್ನೇ ಮಗನ ತಲೆಗೆ ಕಟ್ಟುವುದೂ ಅಲ್ಲ. ಎಲ್ಲರೂ ಎಲ್ಲ ಕಲಿಯಬೇಕು. ಡಾಕ್ಟರ ಮಗನೂ ಫ್ಯೂಸ್ ಹಾಕಬೇಕು, ಕೂಲಿಯವರ ಮಗಳೂ ಬ್ಯಾಂಕ್ ಪಾಸ್‌ಬುಕ್ ಓದಬೇಕು. ಖಾಸಗಿ ಶಾಲೆಗಳಿಗೂ ಇದು ಕಡ್ಡಾಯವಾಗಬೇಕು. ಸರ್ಕಾರಿ ಶಾಲೆಗೆ ಮಾತ್ರ ಆದರೆ ನಾನೇ ಮೊದಲು ವಿರೋಧಿಸುತ್ತೇನೆ.

ಹುಡುಗರ ಮಾತೂ ಅಷ್ಟೇ. ಅಡುಗೆ, ಹೊಲಿಗೆ, ಮಗುವಿನ ಆರೈಕೆ ಹುಡುಗಿಯರಿಗೆ ಅಂತ ಹಂಚಿಬಿಟ್ಟಿದ್ದೇವೆ. ಪಿಯುಸಿಯ ಗೃಹ ವಿಜ್ಞಾನದ ತರಗತಿಯಲ್ಲಿ ಹುಡುಗರು ಕಾಣುವುದೇ ಅಪರೂಪ. ಜಪಾನಿನಲ್ಲೂ ಹಿಂದೆ ಹೀಗೇ ಇತ್ತು. 1993ರಿಂದ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ, 1994ರಿಂದ ಹೈಸ್ಕೂಲುಗಳಲ್ಲಿ ಗೃಹ ವಿಜ್ಞಾನವನ್ನು ಗಂಡುಮಕ್ಕಳಿಗೂ ಕಡ್ಡಾಯ ಮಾಡಿದರು. ನಮ್ಮ ಹುಡುಗರು ಕೆಲಸ ಹುಡುಕಿ ಬೆಂಗಳೂರಿಗೆ ಬಂದು ನಾಲ್ಕೈದು ಜನ ಒಂದು ರೂಮಿನಲ್ಲಿರುತ್ತಾರೆ. ಅನ್ನ-ಸಾರು ಮಾಡಲು ಬರದೆ ಸಂಬಳದ ದೊಡ್ಡ ಪಾಲನ್ನು ಹೋಟೆಲಿಗೆ ಸುರಿಯುತ್ತಾರೆ, ಹೊಟ್ಟೆ ಕೆಡಿಸಿಕೊಳ್ಳುತ್ತಾರೆ.

ಇದಕ್ಕೆಲ್ಲ ದೊಡ್ಡ ಪ್ರಯೋಗಾಲಯ ಬೇಕಾ? ಬೇಡ. ಶಾಲೆಯಲ್ಲೇ ಬಿಸಿಯೂಟದ ಅಡುಗೆಮನೆ ಇದೆ. ಆರರಿಂದ ಎಂಟನೇ ತರಗತಿಯ ಒಂದು ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಅಂತ ಲೆಕ್ಕವಿದೆ. ಅಷ್ಟೇ ಯಾಕೆ ಇಟ್ಟಿದ್ದಾರೆ, ಅದರಲ್ಲಿ ಪ್ರೋಟೀನ್ ಎಷ್ಟು, ತರಕಾರಿ ರೇಟು ಏರಿದ ವಾರ ಏನು ಬದಲಾಯಿಸಬಹುದು ಅಂತ ಮಕ್ಕಳೇ ಕೂತು ಲೆಕ್ಕ ಹಾಕಲಿ. ಅಡುಗೆಯವರು ಅಂದಾಜಿನಲ್ಲೇ ನೂರಾರು ಮಕ್ಕಳಿಗೆ ಉಪ್ಪು ಖಾರ ಸರಿಯಾಗಿ ಹಾಕುತ್ತಾರಲ್ಲ, ಅದನ್ನು ಅವರಿಂದಲೇ ಕೇಳಿ ತಿಳಿಯಲಿ. ಆ ಹೆಣ್ಣುಮಕ್ಕಳು ಒಂದು ದಿನ ತರಗತಿಯ ಮುಂದೆ ನಿಂತು ಪಾಠ ಮಾಡಲಿ. ಅದಕ್ಕೆ ಅವರಿಗೆ ಗೌರವಧನವನ್ನೂ ಕೊಡಿ.

ಅಲ್ಲೇ ಗ್ಯಾಸ್ ಸಿಲಿಂಡರ್ ಇದೆ. ಅದರ ಹಿಡಿಯ ಹತ್ತಿರದ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಪಕ್ಕದಲ್ಲಿ ಇಸವಿ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ. ಅಷ್ಟರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ಅವಧಿ ಮುಗಿದದ್ದು ಬಂದರೆ ವಾಪಸ್ ಕೊಡಬಹುದು. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. ಅದಕ್ಕೆ 14.2 ಕೆಜಿ ಸೇರಿಸಿದರೆ ಮನೆಗೆ ಬಂದ ತುಂಬಿದ ಸಿಲಿಂಡರಿನ ತೂಕ ಬರಬೇಕು. ಒಂದು ತೂಕದ ಯಂತ್ರ ಇದ್ದರೆ ಇದು ಹತ್ತು ನಿಮಿಷದ ಪಾಠ. ಗ್ಯಾಸ್ ಸೋರಿದರೆ 1906 ಅನ್ನುವುದನ್ನೂ ಅಲ್ಲೇ ಹೇಳಿಕೊಡಬಹುದು. ನಾನು ಇದನ್ನು ಹೇಳಿದ ತರಗತಿಗಳಲ್ಲಿ ಮಕ್ಕಳು ಮನೆಗೆ ಹೋಗಿ ಸಿಲಿಂಡರ್ ನೋಡಿಕೊಂಡು ಬಂದು ವರದಿ ಒಪ್ಪಿಸಿದ್ದಾರೆ. ಅಷ್ಟು ಆಸಕ್ತಿ ಅವರಿಗಿದೆ.

ಹಾಗೆಯೇ ಬಿಸ್ಕತ್ ಪೊಟ್ಟಣದ ಮೇಲಿನ 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಚಿನ್ನದ ಒಡವೆಯ ಮೇಲಿನ ಆರು ಅಕ್ಷರ-ಅಂಕಿಯ ಹಾಲ್‌ಮಾರ್ಕ್ ಗುರುತಾದ ಎಚ್‌ಯುಐಡಿ, ಕರೆಂಟ್ ಬಿಲ್ಲು ಓದುವುದನ್ನೂ ಕಲಿಸಬಹುದು. ಗೃಹಜ್ಯೋತಿ ಬಂದು ಸೊನ್ನೆ ಬಿಲ್ ಆದ ಮೇಲೆ ಎಷ್ಟೋ ಮನೆಗಳಲ್ಲಿ ಬಿಲ್ ನೋಡುವುದನ್ನೇ ಬಿಟ್ಟಿದ್ದಾರೆ. ಬ್ಯಾಂಕ್ ಖಾತೆಯನ್ನು ಹತ್ತು ವರ್ಷ ತುಂಬಿದ ಮಕ್ಕಳೇ ಸ್ವತಃ ತೆರೆದು ನಡೆಸಲು ರಿಸರ್ವ್ ಬ್ಯಾಂಕಿನ ಅವಕಾಶವಿದೆ. ಒಂಬತ್ತನೇ ತರಗತಿಯ ಮಗು ಖಾತೆ ತೆರೆದು, ಚಲನ್ ತುಂಬಿ, ನೂರು ರೂಪಾಯಿ ಕಟ್ಟಿ, ಬಿಡಿಸಿ ಬರಲಿ. ಪುಸ್ತಕದ ಇಡೀ ಪಾಠ ಅಲ್ಲೇ ಮುಗಿಯಿತು. ಸೈಬರ್ ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡುವುದು, ಪುಟ್ಟ ನಷ್ಟಕ್ಕೂ ವಕೀಲರಿಲ್ಲದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಬರೆಯುವುದು, ಐದು ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ ಅನ್ನುವುದು, ಇವನ್ನೆಲ್ಲ ಒಂದೊಂದು ಅರ್ಜಿ ಬರೆಸಿಯೇ ಕಲಿಸಬಹುದು.

ಮುಂದಿನ ದಾರಿಯ ಬಗ್ಗೆಯೂ ಹೇಳಬೇಕು. ಫಲಿತಾಂಶ ಬಂದ ದಿನ ಊರಿನಲ್ಲಿ ಕೇಳುವುದು ಒಂದೇ ಪ್ರಶ್ನೆ: ಸೈನ್ಸಾ, ಕಾಮರ್ಸಾ, ಆರ್ಟ್ಸಾ? ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಆದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗಬಹುದು ಅನ್ನುವುದು ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ಐಟಿಐನ ಕೆಲವು ಟ್ರೇಡ್‌ಗಳಿಗೆ ಎಂಟನೇ ತರಗತಿ ಪಾಸಾದವರೂ ಸೇರಬಹುದು. ಕೃಷಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಕೃಷಿ ಡಿಪ್ಲೊಮಾವನ್ನು ಕನ್ನಡದಲ್ಲೇ ಓದಬಹುದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಈಗ ಜಿಲ್ಲೆ ಜಿಲ್ಲೆಯಲ್ಲಿವೆ, ಊಟ ವಸತಿ ಕೊಟ್ಟು ಉಚಿತವಾಗಿ ಕಸುಬು ಕಲಿಸುತ್ತವೆ. ಆದರೆ ಅಲ್ಲಿ ಸೇರಲು ಹದಿನೆಂಟು ತುಂಬಿರಬೇಕು. ಹದಿನಾರಕ್ಕೆ ಶಾಲೆ ಬಿಟ್ಟವನು ಆ ಎರಡು ವರ್ಷ ಎಲ್ಲಿರುತ್ತಾನೆ? ಗಾರೆ ಕೆಲಸಕ್ಕೋ, ಡೆಲಿವರಿಗೋ ಹೋಗಿರುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಮದುವೆ ಮಾತು ಶುರುವಾಗಿರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟು. ಬರುವ ಶೈಕ್ಷಣಿಕ ವರ್ಷದಿಂದಲೇ ಎಂಟು ಮತ್ತು ಒಂಬತ್ತನೇ ತರಗತಿಗೆ ವಾರಕ್ಕೆ ಎರಡು ಪಿರಿಯಡನ್ನು ಒಟ್ಟಿಗೆ ಸೇರಿಸಿ ವೇಳಾಪಟ್ಟಿಯಲ್ಲಿ ಬರೆಸಿ. ಹತ್ತನೇ ತರಗತಿಗೆ ಡಿಸೆಂಬರ್‌ವರೆಗೆ ಸಾಕು. ಪಿರಿಯಡ್ ಎಲ್ಲಿಂದ ತರುವುದು ಅಂದರೆ, ಕಾರ್ಯಾನುಭವದ ಹೆಸರಿನಲ್ಲಿ ಕಾಗದದ ಮೇಲೆ ಇರುವುದನ್ನು ಮೊದಲು ನಿಜ ಮಾಡಿ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರವನ್ನೂ ಇದಕ್ಕೆ ಬಳಸಿ. ಆ ಪಿರಿಯಡನ್ನು ಗಣಿತಕ್ಕೋ ಇಂಗ್ಲಿಷಿಗೋ ಎತ್ತಿಕೊಳ್ಳಬಾರದು ಅಂತ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಜೂನ್ ಮುಗಿಯುವುದರೊಳಗೆ ಎತ್ತಿಕೊಳ್ಳುತ್ತಾರೆ.

ಅಂಕ ಬೇಡ. ಮಗು ಮಾಡಿದ ಕೆಲಸಗಳ ಒಂದು ಪುಸ್ತಕ ಇರಲಿ. ಖಾತೆ ತೆರೆದದ್ದು, ಒಂದು ತಿಂಗಳ ಮನೆ ಖರ್ಚು ಬರೆದದ್ದು, ಗುಂಡಿ ಹೊಲಿದದ್ದು, ಗಾಯಕ್ಕೆ ಪಟ್ಟಿ ಕಟ್ಟಿದ್ದು ಅದರಲ್ಲಿರಲಿ. ಖರ್ಚಿನ ಪುಸ್ತಕದಲ್ಲಿ ಮನೆಯ ಗುಟ್ಟು ಇರುತ್ತದೆ. ಅದನ್ನು ತರಗತಿಯಲ್ಲಿ ಓದಿಸಬಾರದು ಅಂತಲೂ ಶಿಕ್ಷಕರಿಗೆ ತಿಳಿಸಿ. ಬಡತನವನ್ನು ಎಲ್ಲರೆದುರು ಬಯಲು ಮಾಡುವ ಪಾಠ ನಮಗೆ ಬೇಡ.

ವೃತ್ತಿ ತರಬೇತುದಾರರಿಗೆ ಪ್ರತಿ ತಿಂಗಳು ತಪ್ಪದೆ ಸಂಬಳ ಸಿಗುವಂತೆ ಮಾಡಿ. ಖಾಲಿ ಬಿದ್ದಿರುವ ಹೊಲಿಗೆ, ಕರಕುಶಲ ಶಿಕ್ಷಕರ ಜಾಗಗಳನ್ನು ತುಂಬಿ. ಅಲ್ಲಿಯವರೆಗೆ ಊರಿನ ಲೈನ್‌ಮನ್, ದರ್ಜಿ, ಆಶಾ ಕಾರ್ಯಕರ್ತೆ, ಬ್ಯಾಂಕಿನವರು ಶಾಲೆಗೆ ಬಂದು ಕಲಿಸಲು ಹೆಡ್ಮಾಸ್ಟರಿಗೆ ಅಧಿಕಾರವನ್ನೂ, ಸಣ್ಣ ಮೊತ್ತವನ್ನೂ ಕೊಡಿ. ಪ್ರತಿ ತಾಲ್ಲೂಕಿನಲ್ಲಿ ಡಿಸೆಂಬರಿನಲ್ಲೇ, ಫಲಿತಾಂಶಕ್ಕೆ ಎಷ್ಟೋ ಮೊದಲು, ಹತ್ತನೇ ತರಗತಿಯ ಮಕ್ಕಳನ್ನೂ ಪೋಷಕರನ್ನೂ ಐಟಿಐ, ಪಾಲಿಟೆಕ್ನಿಕ್‌ಗಳಿಗೆ ಕರೆದುಕೊಂಡು ಹೋಗಿ ತೋರಿಸಿ. ಸಭಾಂಗಣದಲ್ಲಿ ಭಾಷಣ ಮಾಡಿಸಿ, ಫೋಟೋ ತೆಗೆದು ಕಳಿಸುವ ಕಾರ್ಯಕ್ರಮ ಆಗದಿರಲಿ.

ನಮ್ಮಂಥ ನಿವೃತ್ತ ಬ್ಯಾಂಕ್ ನೌಕರರು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಕರೆದರೆ ಸಂಭಾವನೆ ಇಲ್ಲದೆ ಬರಲು ಸಿದ್ಧರಿರುವ ಹಲವರು ನನಗೆ ಗೊತ್ತು. ಶಾಲೆಯೊಳಗೆ ಬರಲು ನಮಗೆ ಬೇಕಾದದ್ದು ನಿಮ್ಮ ಇಲಾಖೆಯ ಒಂದು ಆದೇಶ ಮತ್ತು ವೇಳಾಪಟ್ಟಿಯಲ್ಲಿ ಒಂದು ಜಾಗ. ಜೂನ್‌ಗೆ ಮೊದಲು ಅದು ಹೊರಬರುವಂತೆ ಮಾಡಬೇಕೆಂದು ತಮ್ಮನ್ನು ವಿನಂತಿಸಿಕೊಳ್ಳುತ್ತೇನೆ. ಉತ್ತರವನ್ನು ಸಾರ್ವಜನಿಕವಾಗಿಯೇ ಕೊಟ್ಟರೆ ಶಿಕ್ಷಕರಿಗೂ ಪೋಷಕರಿಗೂ ಇಲಾಖೆಯ ನಿಲುವು ತಿಳಿಯುತ್ತದೆ.

ಗೌರವಗಳೊಂದಿಗೆ,

ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ,
ಹಾಸನ ಜಿಲ್ಲೆ